ಹೆಚ್.ಎಸ್.

20 ಜನವರಿ 2026, ಮಂಗಳವಾರ
ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್

ಬೆಳಗ್ಗೆ ಐದೂಕಾಲಿಗೆ ಅಲಾರಂ ಇಟ್ಟು ಎದ್ದೆ. ಮೈಸೂರಲ್ಲಿ ಬ್ಯಾಂಕ್ ಬಾಗಿಲು ತೆಗೆಯೋದು ಹತ್ತಕ್ಕೆ, ಚಳಿಗಾಲದಲ್ಲಿ ನಮಗದು ಐದೂವರೆ, ಹನ್ನೊಂದರ ಮೇಲೆ ಮಾಡಿದ್ರೆ ಯಾರೂ ಫೋನ್ ಎತ್ತಲ್ಲ ಅಂತ ಮೂರು ಸಲ ಮಾಡಿ ತಿಳ್ಕೊಂಡಿದೀನಿ. ಅಡುಗೆಮನೇಲಿ ಲೈಟ್ ಹಾಕ್ದೆ, ಶಾಲು ಹೊದ್ಕೊಂಡು, ಮಗರಾಯ ಏಳದ ಹಾಗೆ ಪಿಸುಪಿಸು ಮಾತು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೋ.

ಮತ್ತೆ ಇನ್‌ಕಂ ಟ್ಯಾಕ್ಸ್ ರೀಫಂಡ್ ಪುರಾಣನಾ ಅಂತ ಮೂಗು ಮುರೀಬೇಡಿ. ಇವತ್ತು ಬರೀತಿರೋದು ಅದಕ್ಕಲ್ಲ. ಆದ್ರೆ ಅದನ್ನ ಹೇಳ್ದೆ ಇದನ್ನ ಹೇಳಕ್ಕಾಗಲ್ಲ.

ಮೈಸೂರಿನ ಬೋಗಾದೀಲಿದ್ದ ನನ್ನ ಸೈಟು ಮಾರಿದ್ದು 2024ರ ಅಕ್ಟೋಬರ್‌ನಲ್ಲಿ, 48 ಲಕ್ಷಕ್ಕೆ. ಅಪ್ಪ ನನ್ನ ಹೆಸರಿಗೆ ಮಾಡಿಟ್ಟಿದ್ದ 30-40 ಅಡಿ ಜಾಗ. ಅದೇ ಸೈಟು ಊರಲ್ಲೇ ಇರೋ ತಮ್ಮನ ಹೆಸರಲ್ಲಿದ್ದಿದ್ರೆ, 50 ಲಕ್ಷದ ಒಳಗಿನ ವ್ಯವಹಾರ ಅಂತ, ತಗೊಂಡೋರು ಟಿಡಿಎಸ್ ಅಂತ, ಅಂದ್ರೆ ದುಡ್ಡು ಕೊಡೋವಾಗ್ಲೇ ಮುರ್ಕೊಳ್ಳೋ ತೆರಿಗೆ ಅಂತ, ಒಂದು ರೂಪಾಯಿನೂ ಹಿಡೀಬೇಕಾಗಿರ್ಲಿಲ್ಲ. ನಾನು ಹೊರದೇಶದಲ್ಲಿರೋಳು. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 195. ಹನ್ನೆರಡೂವರೆ ಪರ್ಸೆಂಟು, ಅದರ ಮೇಲೆ ಸೆಸ್ಸು, ಅದೂ ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. 6,24,000 ರೂಪಾಯಿ ಹಿಡ್ಕೊಂಡೇ ದುಡ್ಡು ಕೊಟ್ರು. ಮೊದ್ಲೇ ಅರ್ಜಿ ಹಾಕಿ ಕಮ್ಮಿ ಹಿಡಿಯೋಕೆ ಸರ್ಟಿಫಿಕೇಟ್ ತಗೋಬಹುದಿತ್ತು, ಆದ್ರೆ ಅದು ಬರೋವರೆಗೆ ಕಾಯೋಕೆ ತಗೊಳ್ಳೋರಿಗೆ ತಾಳ್ಮೆ ಇರ್ಲಿಲ್ಲ, ಕೇಳಕ್ಕೆ ನನಗೂ ಧೈರ್ಯ ಇರ್ಲಿಲ್ಲ. ಬಂದ ದುಡ್ಡಲ್ಲಿ 40 ಲಕ್ಷನ 54 ಇಸಿ ಅನ್ನೋ ತೆರಿಗೆ ಉಳಿಸೋ ಬಾಂಡಿಗೆ ಹಾಕಿದೆ, ಐದು ವರ್ಷ ಮುಟ್ಟಂಗಿಲ್ಲ, ಅಷ್ಟರ ಮೇಲೆ ತೆರಿಗೆ ಇಲ್ಲ. ಉಳಿದ ಲಾಭಕ್ಕೆ ನಿಜವಾಗಿ ಕಟ್ಟಬೇಕಾದ್ದು 78 ಸಾವಿರ. ಮಿಕ್ಕ 5,46,000 ವಾಪಸ್ ಬರ್ಬೇಕು. ಆಡಿಟರ್ ಇದನ್ನ ಬೆರಳ ಮೇಲೆ ಲೆಕ್ಕ ಹಾಕಿ ಹೇಳಿದಾಗ ಎಷ್ಟು ಸಲೀಸು ಅನ್ನಿಸಿತ್ತು.

ರಿಟರ್ನ್ ಹಾಕಿದ್ದು ಜುಲೈನಲ್ಲಿ. ನವೆಂಬರ್‌ನಲ್ಲಿ ಲೆಕ್ಕ ಸರಿ ಇದೆ ಅಂತ ಮೇಲ್ ಬಂತು, ಅವತ್ತು ಸಂಜೆ ಕೇಸರಿಬಾತ್ ಮಾಡಿದ್ದೆ. ಎರಡು ವಾರ ಬಿಟ್ಟು ಇನ್ನೊಂದು ಮೇಲ್, ರೀಫಂಡ್ ಫೇಲ್ ಅಂತ. ಬ್ಯಾಂಕಲ್ಲಿರೋ ಹೆಸರು, ಪ್ಯಾನಲ್ಲಿರೋ ಹೆಸರು ತಾಳೆ ಆಗಿಲ್ಲ. ಇಷ್ಟೇ. ಈ ರಿಟರ್ನ್‌ಗಳೆಲ್ಲ ಪ್ರೊಸೆಸ್ ಆಗೋದು ನಮ್ಮ ಬೆಂಗಳೂರಲ್ಲೇ, ಎಲೆಕ್ಟ್ರಾನಿಕ್ ಸಿಟೀಲಿ ನಾಲ್ಕು ವರ್ಷ ಕೆಲಸ ಮಾಡಿದೋಳು ನಾನು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅರ್ಧ ಆಯಸ್ಸು ಕಳೆದೋಳು. ಅವರನ್ನ ಬೈಯೋಣ ಅಂದ್ರೆ ಅವರದ್ದೇನೂ ತಪ್ಪಿಲ್ಲ. ತಡ ಆದ್ರೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಬೇರೆ ಕೊಡ್ತಾರೆ, ನನ್ನ ಲೆಕ್ಕಕ್ಕೆ 2,730 ರೂಪಾಯಿ. ಆದ್ರೆ ತಡ ನಮ್ಮಿಂದ್ಲೇ ಆದ್ರೆ ಆ ದಿನಗಳು ಲೆಕ್ಕಕ್ಕಿಲ್ಲ. ಇದು ನಮ್ಮಿಂದ್ಲೇ ಆಗಿದ್ದು.

ನಮ್ಮಿಂದ್ಲೇ ಅಂದ್ರೆ, ಅಪ್ಪನಿಂದ. ಅಥವಾ ಇನಿಷಿಯಲ್ಲಿಂದ.

ಬ್ಯಾಂಕಲ್ಲಿ ನಾನು ಹೆಚ್.ಎಸ್. ಪ್ಯಾನಲ್ಲಿ ಇನಿಷಿಯಲ್ ನಡಿಯಲ್ಲ, ಬಿಡಿಸಿ ಬರೀಬೇಕು, ಅಲ್ಲಿ ಊರೂ ಇದೆ, ಅಪ್ಪನ ಹೆಸರೂ ಪೂರ್ತಿ ಇದೆ. ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿದೆ, ಅದಕ್ಕೆ ಇಲ್ಲಿ ಡಾಕ್ಟರ್ ಹತ್ರ ಹೋದ್ರೆ ‘ಮೆವ್ರಾವ್’, ಅಂದ್ರೆ ಡಚ್ಚಲ್ಲಿ ಶ್ರೀಮತಿ, ಅಂತ ಸೇರಿಸಿ ಅಪ್ಪನನ್ನೇ ಕರೀತಾರೆ. ಮೊದಲ ಸಲ ಹಾಗೆ ಕರೆದಾಗ ನಾನು ಎದ್ದೇ ಇರ್ಲಿಲ್ಲ, ಅಪ್ಪ ಎಲ್ಲಿಂದ ಬಂದ್ರು ಇಲ್ಲಿಗೆ ಅಂತ ಕೂತಿದ್ದೆ. ಇಲ್ಲಿನ ತೆರಿಗೆಯವರ ನೀಲಿ ಲಕೋಟೆ ಬರೋದೂ ಅದೇ ಹೆಸರಿಗೆ.

ಇವತ್ತು ಫೋನ್ ಎತ್ತಿದ್ದು ಒಬ್ಬ ಚಿಕ್ಕ ಹುಡುಗಿ, ಹೊಸಬಳು ಅನ್ಸುತ್ತೆ, ಬಹಳ ಮರ್ಯಾದೆಯಿಂದ ಮಾತಾಡಿದ್ಲು. ಕಂಪ್ಯೂಟರ್ ನೋಡಿ ಕೇಳಿದ್ಲು, “ಮೇಡಂ, ಹೆಚ್ ಅಂದ್ರೆ?” ಹೊಳೆನರಸೀಪುರ ಅಂದೆ. “ಎಸ್ ಅಂದ್ರೆ?”

ಅಪ್ಪ ಅಂದೆ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಹೆಸರು ಕೇಳ್ತಿದಾಳೆ ಅಂತ ಆಮೇಲೆ ಹೊಳೀತು.

ಫಾರ್ಮ್ ಮೇಲ್ ಮಾಡ್ತಾಳಂತೆ. ಪಾಸ್‌ಪೋರ್ಟ್, ಪ್ಯಾನ್, ಇಲ್ಲಿನ ವಿಳಾಸದ ಪುರಾವೆ ಎಲ್ಲಾ ಅಟೆಸ್ಟ್ ಮಾಡ್ಸಿ ಕಳಿಸ್ಬೇಕು. ಹೆಸರು ಸರಿಯಾದ್ಮೇಲೆ ಅಕೌಂಟ್ ಮತ್ತೆ ವ್ಯಾಲಿಡೇಟ್ ಆಗ್ಬೇಕು, ಆಮೇಲೆ ರೀಫಂಡ್ ರೀ-ಇಷ್ಯೂ ಅಂತ ಹೊಸ ಅರ್ಜಿ. ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತೆ, ಸೆಕ್ಷನ್ ನಂಬರೆಲ್ಲ ಬದಲು, 195, 54 ಇಸಿ ಅಂತ ಮಗ್ಗಿ ಥರ ಬಾಯಿಪಾಠ ಮಾಡಿದ್ದೆಲ್ಲ ದಂಡ.

ತೆರಿಗೆ ಪೋರ್ಟಲ್ ನೋಡೋಣ ಅಂತ ಅಮ್ಮನಿಗೆ ಫೋನ್ ಮಾಡಿದೆ, ಒಳಗೆ ಹೋಗಕ್ಕೆ ಓಟಿಪಿ ಬೇಕಲ್ಲ. ಆಧಾರ್‌ಗೆ ಲಿಂಕ್ ಆಗಿರೋದು ನನ್ನ ಹಳೇ ನಂಬರು, ಆ ಸಿಮ್ಮು ಬಟನ್ ಫೋನಲ್ಲಿ ಅಮ್ಮನ ಬೀರುವಲ್ಲಿ ರೇಷ್ಮೆ ಸೀರೆ ಪಕ್ಕ ಮಲಗಿರುತ್ತೆ. ಮೂಲೆ ಅಂಗಡಿಯೋನ ಹತ್ರ ಅಮ್ಮನೇ ರೀಚಾರ್ಜ್ ಮಾಡಿಸ್ತಾಳೆ. ಓಟಿಪಿ ಓದೋದು ಅಮ್ಮನಿಗೆ ಒಂದು ವ್ರತ ಇದ್ದಂಗೆ, ಕನ್ನಡಕ ಹುಡುಕಿ, ಕೈ ಒರೆಸ್ಕೊಂಡು, “ಎಂಟು... ಸೊನ್ನೆ... ಇದು ಒಂದೋ ಏಳೋ ಕಣೇ...” ಅನ್ನೋ ಅಷ್ಟರಲ್ಲಿ ಟೈಮ್ ಮುಗಿದಿರುತ್ತೆ. ಇವತ್ತು ಎರಡನೇ ಸಲಕ್ಕೆ ಸಿಕ್ತು. ನೋಡಿದ್ರೆ ಅದೇ ಕೆಂಪಕ್ಷರ.

“ಬಂತೇನೇ?” ಅಂದ್ಲು.

“ಇಲ್ಲಮ್ಮ. ಬ್ಯಾಂಕಲ್ಲಿ ಹೆಸರು ಬಿಡಿಸಿ ಬರೀಬೇಕಂತೆ. ಅಪ್ಪ ಅಕೌಂಟ್ ತೆಗ್ಸಿದಾಗ್ಲೇ ಪೂರ್ತಿ ಬರ್ಸಿದ್ರೆ ಈ ರಗಳೆನೇ ಇರ್ತಿರ್ಲಿಲ್ಲ.”

ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸ್ತು.

“ನಾನು ಹೇಳ್ದೆ ಅವತ್ತು, ಪೂರ್ತಿ ಬರ್ಸಿ ಅಂತ. ನಾನೂ ಬಂದಿದ್ದೆ, ನಿನಗೆ ನೆನಪಿಲ್ಲ, ನೀನು ಪಾಸ್‌ಬುಕ್ ಸಿಕ್ತು ಅಂತ ಕುಣೀತಿದ್ದೆ. ನಿಮ್ಮಪ್ಪ ಏನಂದ್ರು ಗೊತ್ತಾ, ಇನಿಷಿಯಲ್ ಸಾಕು ಬಿಡೇ, ನಾಳೆ ಮದ್ವೆ ಆದ್ರೆ ಎಸ್ ಹೊಡ್ದು ಗಂಡನ ಅಕ್ಷರ ಹಾಕ್ಕೋತಾಳೆ, ಒಂದಕ್ಷರ ಆದ್ರೆ ತಿದ್ದಕ್ಕೆ ಸುಲಭ, ಪೂರ್ತಿ ಹೆಸರು ಬರ್ಸಿದ್ರೆ ಮಗೂಗೆ ಓಡಾಟ ಅಂದ್ರು.”

ನಾನು ಏನೂ ಅನ್ಲಿಲ್ಲ. ಮದ್ವೆ ಆದ್ಮೇಲೆ ಎಸ್ ತೆಗೀಲಿಲ್ಲ, ಅದೇನು ದೊಡ್ಡ ಸಿದ್ಧಾಂತ ಅಂತ ಅಲ್ಲ, ಸೋಮಾರಿತನ. ಅತ್ತೆ ಒಂದೆರಡು ಸಲ ಕೇಳಿ ಸುಮ್ನಾದ್ರು. ಅಪ್ಪನಿಗೆ ಅದು ಗೊತ್ತಿತ್ತಾ, ನಾನು ತೆಗೀಲಿಲ್ಲ ಅಂತ? ಮದ್ವೆ ಆಗಿ ಎರಡೇ ವರ್ಷಕ್ಕೆ ಹೋದ್ರು, ಈ ಮಾತು ಬಂದೇ ಇರ್ಲಿಲ್ಲ ಮನೇಲಿ.

“ಸೈಟಂತೂ ಹೋಯ್ತು, ಆ ದುಡ್ಡಾದ್ರೂ ಬೇಗ ತಗೋ” ಅಂದ್ಲು ಅಮ್ಮ. ಮಾರ್ಬೇಡ ಅಂತ ಆಗ ಹೇಳಿದ್ದನ್ನ ಇವತ್ತು ಎತ್ತಲಿಲ್ಲ. ಎತ್ತಿದ್ರೇ ಚೆನ್ನಾಗಿತ್ತು, ಜಗಳ ಆಡಬಹುದಿತ್ತು. ಆಮೇಲೆ ಅವರೆಕಾಯಿ ಬೆಲೆ, ಪಕ್ಕದ ಮನೆ ನಾಯಿ.

ಮಧ್ಯಾಹ್ನ ಆಫೀಸು, ಅದೂ ಇದೂ. ಸೈಕಲ್ ಚೈನ್ ಮತ್ತೆ ಕಳಚ್ತು.

ರಾತ್ರಿ ಫಾರ್ಮ್ ಪ್ರಿಂಟ್ ತೆಗೆದೆ. ಕೊನೇಲಿ ಒಂದು ಸಾಲಿದೆ, ಸಹಿ ಬ್ಯಾಂಕಿನ ದಾಖಲೇಲಿರೋ ಹಾಗೇ ಇರ್ಬೇಕು ಅಂತ. ಬ್ಯಾಂಕಲ್ಲಿರೋದು ಹದಿನೆಂಟರ ಹುಡುಗಿ ಸಹಿ, ಅದೂ ಕನ್ನಡದಲ್ಲಿ. ಈಗ ಹಾಕೋದು ಇಂಗ್ಲಿಷಲ್ಲಿ ಒಂದು ಗೀರು, ಕೊರಿಯರ್‌ನೋನು ಕೊಟ್ಟ ಗಾಜಿನ ಮೇಲೆ ಬೆರಳಲ್ಲಿ ಗೀಚೋದು. ಪಾಸ್‌ಬುಕ್ ತೆಗೆದು ಪಕ್ಕಕ್ಕಿಟ್ಕೊಂಡು, ಸೂಪರ್‌ಮಾರ್ಕೆಟ್ ಬಿಲ್ ಹಿಂದೆ ಪ್ರಾಕ್ಟೀಸ್ ಮಾಡ್ತಾ ಕೂತೆ. ಹೆಚ್ ಬರುತ್ತೆ. ಹೆಸರೂ ಬರುತ್ತೆ. ‘ಎಸ್’ ಮಾತ್ರ ಬರ್ತಿಲ್ಲ, ಅದರ ಕೊನೇ ಬಾಲ ಕೆಳಗೆ ಹೋಗಿ ಪೂರ್ತಿ ಹೆಸರಿನ ಅಡಿ ಗೆರೆ ಥರ ಎಳೆದಿದೆ, ಹಾಗೆ ಎಳೀತಿದ್ದಿದ್ದು ನಾನಲ್ಲ, ಅಪ್ಪ, ನನ್ನ ಮಾರ್ಕ್ಸ್ ಕಾರ್ಡ್ ಮೇಲೆ ಪೋಷಕರ ಸಹಿ ಅನ್ನೋ ಕಡೆ, ಅದನ್ನ ನೋಡಿ ನಾನು ಕದ್ದಿರ್ಬೇಕು. ಬಿಲ್ ತುಂಬೋಯ್ತು. ಇವರು ಬಂದು ನೋಡಿ, ಏನೇ ಇದು ಫೋರ್ಜರಿನಾ ಅಂದ್ರು.

ಏಳನೇದು ಸ್ವಲ್ಪ ಹತ್ರ ಬಂದಿದೆ, ಆದ್ರೆ ಬಾಲ ಇನ್ನೂ