ಸಾಕು, ಹಾಕು

2025 ನವೆಂಬರ್ 18, ಮಂಗಳವಾರ

ಕೊನೆಗೂ ಕಿವಿ ತೋರಿಸಿಕೊಂಡು ಬಂದೆ. ಮೂರು ತಿಂಗಳಿಂದ ಪುಟ್ಟಿ ಬೆನ್ನು ಬಿದ್ದಿದ್ದಳು. ಊಟಕ್ಕೆ ಕೂತಾಗ ಅವಳು "ಸಾಕು" ಅಂದರೆ ನನಗೆ "ಹಾಕು" ಅಂತ ಕೇಳಿಸುತ್ತದೆ. ನಾನು ಇನ್ನೊಂದು ಸೌಟು ಹಾಕುತ್ತೇನೆ. ಮೊದಮೊದಲು ನಗುತ್ತಿದ್ದಳು. ಮೊನ್ನೆ ಭಾನುವಾರ ತಟ್ಟೆ ಬಿಟ್ಟು ಎದ್ದೇ ಹೋದಳು.

ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಶಬ್ದ ಕೇಳಿದ ತಕ್ಷಣ ಒತ್ತಬೇಕು. ಒತ್ತಿದೆ, ಒತ್ತಿದೆ, ಆಮೇಲೆ ತುಂಬಾ ಹೊತ್ತು ಏನೂ ಬರಲಿಲ್ಲ. ಮಿಷನ್ ಕೆಟ್ಟಿರಬೇಕು ಅಂದುಕೊಂಡು ಆಚೆ ನೋಡಿದರೆ ಆ ಹುಡುಗಿ ತಲೆ ಬಗ್ಗಿಸಿ ಏನೋ ಗುರುತು ಹಾಕಿಕೊಳ್ಳುತ್ತಿದ್ದಳು. ಶಬ್ದ ಬರುತ್ತಲೇ ಇತ್ತು. ನನಗೆ ಕೇಳುತ್ತಿರಲಿಲ್ಲ, ಅಷ್ಟೆ.

"ವಯಸ್ಸಾದ ಹಾಗೆ ಮೇಲಿನ ಸ್ಥಾಯಿಯ ಶಬ್ದಗಳು ಮೊದಲು ಹೋಗ್ತವೆ ಮೇಡಂ. ಸ, ಶ ಎಲ್ಲ ಆ ಕಡೆಯವೇ," ಅಂದಳು. ಚೀಟಿಯಲ್ಲಿ ನೆಟ್ಟಗೆ ಬಂದ ಗೆರೆ ಬಲಗಡೆ ಬಾವಿಗೆ ಬಿದ್ದ ಹಾಗೆ ಕೆಳಗೆ ಜಾರಿತ್ತು. "ಕೆಳಗಿನ ಶಬ್ದ ಚೆನ್ನಾಗೇ ಇದೆ. ಬೇಸ್ ಗಿಟಾರ್ ಎಲ್ಲ ಚೆನ್ನಾಗಿ ಕೇಳಿಸುತ್ತೆ ನಿಮಗೆ."

ಐವತ್ತಮೂರು ವರ್ಷದ ಬ್ಯಾಂಕ್ ಹೆಂಗಸಿಗೆ ಹೇಳುವ ಸಮಾಧಾನವಾ ಇದು? ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ಅಳುವೂ ಬಂತು, ಸ್ವಲ್ಪ.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಇಂಥದ್ದನ್ನೆಲ್ಲ ಅವನಿಗೇ ಹೇಳಬೇಕು. ಸರಸ್ವತಿಪುರಂ ಮನೆಯಲ್ಲಿ ಅಪ್ಪ ಮಲಗಿದ ಮೇಲೆ ಅವನ ಟೇಪ್ ರೆಕಾರ್ಡರ್ ಮುಂದೆ ಕೂತು ಕೇಳಿದ್ದು ಎಷ್ಟು ರಾತ್ರಿಯೋ. ಯಾರಯಾರದೋ ಕ್ಯಾಸೆಟ್‌ನಿಂದ ಕಾಪಿ ಮಾಡಿಸಿದ ರಾಕ್ ಹಾಡುಗಳು: ಎಲ್ವಿಸ್, ಬೀಟಲ್ಸ್, 'ದ ಹೂ' ಬ್ಯಾಂಡ್.

"ಅಣ್ಣಾ, ಆ ಹಾಡುಗಳಲ್ಲಿ ಬೇಸ್ ಎಲ್ಲಿತ್ತೋ? ನನಗೆ ನೆನಪೇ ಇಲ್ಲ."

"ಹಾಡಲ್ಲಿ ಇತ್ತು ಕಣೇ, ನಮ್ಮ ಟೇಪಲ್ಲಿ ಇರಲಿಲ್ಲ."

ಬೇಸ್ ಗಿಟಾರಿನ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಸೆಕೆಂಡಿಗೆ 41 ಸಲ ಕಂಪಿಸುತ್ತದಂತೆ. ಅಂಗೈ ಅಗಲದ ಸ್ಪೀಕರಿಗೆ ಅದು ಎಲ್ಲಿ ಆಗಬೇಕು! ನಾವು ಅಷ್ಟು ವರ್ಷ ಕೇಳಿದ್ದು ಅರ್ಧ ಹಾಡು.

ಆಮೇಲೆ ಅವನನ್ನು ಹಿಡಿಯೋರಿಲ್ಲ. "ಎಲ್ವಿಸ್‌ನ ಮೊದಲ ರೆಕಾರ್ಡ್ ನೆನಪಿದೆಯಾ? 1954, ಮೆಂಫಿಸ್, ಸನ್ ಸ್ಟುಡಿಯೋ. ಅದರಲ್ಲಿ ಡ್ರಮ್ಸ್ ಇದೆಯಾ?"

"ಇದೆಯಲ್ಲ, ಟಪ ಟಪ ಅಂತ."

"ಇಲ್ಲ! ಡ್ರಮ್ಮರೇ ಇರಲಿಲ್ಲ. ಅದು ಬಿಲ್ ಬ್ಲ್ಯಾಕ್. ಆಳೆತ್ತರದ ಡಬಲ್ ಬೇಸ್. ತಂತಿ ಎಳೆದು ಬಿಟ್ಟರೆ ಹಲಗೆಗೆ ಬಡಿಯುತ್ತೆ ನೋಡು, ಆ ಸದ್ದು."

ಮೂವತ್ತು ವರ್ಷ ಅದನ್ನು ಡ್ರಮ್ ಅಂದುಕೊಂಡಿದ್ದೆ. ಪಾಪ, ಬಿಲ್ ಬ್ಲ್ಯಾಕ್‌ಗೆ ಆಮೇಲೆ ಬಂದ ಎಲೆಕ್ಟ್ರಿಕ್ ಬೇಸ್ ಒಗ್ಗಲಿಲ್ಲವಂತೆ. 1951ರಲ್ಲಿ ಲಿಯೋ ಫೆಂಡರ್ ಮಾಡಿದ್ದು ಅದು. ಹೆಗಲಿಗೆ ನೇತು ಹಾಕಿಕೊಳ್ಳಬಹುದು, ಬೆರಳಿಡುವ ಜಾಗಕ್ಕೆ ಮೆಟ್ಟಿಲೂ ಇದೆ. 1957ರಲ್ಲಿ ಒಂದು ರೆಕಾರ್ಡಿಂಗ್‌ನಲ್ಲಿ ಸರಿಯಾಗಿ ನುಡಿಸಲು ಬಾರದೆ ನೆಲಕ್ಕೆ ಎಸೆದು ಎದ್ದು ಹೋದನಂತೆ. ಎಲ್ವಿಸ್ ತಾನೇ ಎತ್ತಿಕೊಂಡು ನುಡಿಸಿ ಮುಗಿಸಿದ. ಎಸೆದು ಹೋದವನ ಮೇಲೇ ನನಗೆ ಪ್ರೀತಿ ಬಂತು. ಹೊಸ ಸಾಫ್ಟ್‌ವೇರ್ ಬಂದ ದಿನ ಕೌಂಟರಿನಲ್ಲಿ ನನಗೂ ಹಾಗೇ ಅನ್ನಿಸಿತ್ತು.

ಕಿವಿಗೆ ಮಿಷನ್ ಹಾಕಿಸಿಕೋ ಅಂದಿದ್ದಾರೆ ಅಂತ ಹೇಳಿದೆ. ಅಣ್ಣ ಒಂದು ಕ್ಷಣ ಸುಮ್ಮನಾದ. ಆಮೇಲೆ, "'ದ ಹೂ' ಬ್ಯಾಂಡಿನ ಜಾನ್ ಎಂಟ್ವಿಸಲ್ ಗೊತ್ತಲ್ವಾ? 'ಮೈ ಜನರೇಷನ್‌'ನಲ್ಲಿ ಬೇಸ್ ಸೋಲೋ ಹೊಡೆದವನು, 1965ರಲ್ಲೇ. ಅವನೂ ಕೊನೆಗೆ ಮಿಷನ್ ಹಾಕಿಕೊಂಡಿದ್ದ," ಅಂದ.

"ಇದು ಸಮಾಧಾನವೇನೋ?"

"ಮತ್ತೆ ಏನು ಹೇಳಲಿ? ನಿನಗೆ ಉಳಿದ ಕಿವಿಗೆ ಜೇಮರ್ಸನ್ ಅನ್ನೋನ ಬೇಸ್ ಕೇಳಿಸು. ರಾಕ್ ಅಲ್ಲ ಅಂತ ಜಗಳಕ್ಕೆ ಬರಬೇಡ. ಬೀಟಲ್ಸ್‌ನ ಮೆಕಾರ್ಟ್ನಿ ಅಂಥವನೇ ಅವನನ್ನ ಕೇಳಿ ಕಲಿತದ್ದು."

ಊಟ ಆಯಿತು. ಬಟ್ಟೆ ಒಣಗಿಲ್ಲ, ಮತ್ತೆ ಮಳೆ. ಪುಟ್ಟಿಯ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೂತೆ.

ಮಾರ್ವಿನ್ ಗೇ ಹಾಡಿದ 'ವಾಟ್ಸ್ ಗೋಯಿಂಗ್ ಆನ್'. ಮೊದಲು ಹಾಡನ್ನೇ ಹಿಂಬಾಲಿಸಿದೆ. ಎರಡನೇ ಸಲ ಹಾಡನ್ನು ಬಿಟ್ಟು ಕೆಳಗೆ ಇಳಿದೆ. ಅಲ್ಲಿ ಒಬ್ಬ ಮನುಷ್ಯ ಇದ್ದ! ಹಾಡುವವನು ಉಸಿರು ತೆಗೆದುಕೊಳ್ಳುವ ಕಡೆ ಇವನು ಎರಡು ಹೆಜ್ಜೆ ಜಾಸ್ತಿ ಇಡುತ್ತಾನೆ. ಬೀಳುತ್ತಾನೆ ಅನ್ನುವಷ್ಟರಲ್ಲಿ ಸರಿಯಾಗಿ ಬಂದು ಕೂರುತ್ತಾನೆ. ರೆಕಾರ್ಡಿಂಗ್ ದಿನ ಈ ಜೇಮರ್ಸನ್‌ನನ್ನು ಯಾವುದೋ ಕ್ಲಬ್ಬಿನಿಂದ ಹುಡುಕಿ ತಂದರಂತೆ. ಕುಡಿದು ಸ್ಟೂಲಿನ ಮೇಲೆ ಕೂರಲು ಆಗದೆ ನೆಲದ ಮೇಲೆ ಮಲಗಿ ನುಡಿಸಿದ್ದಂತೆ. ಅದೂ ಬಲಗೈಯ ತೋರುಬೆರಳು ಒಂದರಲ್ಲೇ. ಜೀವನವೆಲ್ಲ ಹಾಗೇ, ಒಂದೇ ಬೆರಳು.

ತಂತಿ ತಾನಾಗಿ ಕಿತ್ತು ಹೋಗುವವರೆಗೂ ಬದಲಾಯಿಸುತ್ತಿರಲಿಲ್ಲವಂತೆ ಜೇಮ್ಸ್ ಜೇಮರ್ಸನ್. ನಮ್ಮ ಅತ್ತೆಯ ದೋಸೆ ಕಾವಲಿ ನೆನಪಾಯಿತು. ಅದನ್ನು ಸೋಪು ಹಾಕಿ ತಿಕ್ಕಿದ ದಿನ ನನಗೆ ಆದ ಮಂಗಳಾರತಿ ಇವತ್ತಿಗೂ ಮರೆತಿಲ್ಲ.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಹತ್ತು ವರ್ಷಕ್ಕೂ ಜಾಸ್ತಿ ನುಡಿಸಿದ. 1971ರವರೆಗೂ ರೆಕಾರ್ಡಿನ ಕವರಿನ ಮೇಲೆ ಹೆಸರೇ ಇಲ್ಲ. ಮೊದಲು ಬಂದದ್ದು ಈ ಮಾರ್ವಿನ್ ಗೇ ಆಲ್ಬಮ್ಮಿನಲ್ಲಿ.

ಅಣ್ಣನ ಮೇಲೆ ಒಂದು ಸಿಟ್ಟು ಉಳಿದಿದೆ. ಕ್ಯಾರಲ್ ಕೇ ಬಗ್ಗೆ ಅವನು ಯಾವತ್ತೂ ಹೇಳಿರಲೇ ಇಲ್ಲ. ಪುಟ್ಟಿ ಫೋನಿನಲ್ಲಿ ತೋರಿಸಿದಳು. ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಹೆಂಗಸು. 1963ರಲ್ಲಿ ಒಂದು ದಿನ ಬೇಸ್‌ನವನು ಬರಲಿಲ್ಲ, ಇವರು ಎತ್ತಿಕೊಂಡರು. ಬೀಚ್ ಬಾಯ್ಸ್‌ನ 'ಪೆಟ್ ಸೌಂಡ್ಸ್‌'ನಲ್ಲೂ ಇದ್ದಾರೆ. ಈ ವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಆರಿಸಿದರೆ, ನಾನು ಬರೋದಿಲ್ಲ ಅಂದುಬಿಟ್ಟರಂತೆ, 90ನೇ ವಯಸ್ಸಿನಲ್ಲಿ. ಆಹಾ.

ಹನ್ನೊಂದೂವರೆ ಆಯಿತು. ನಾಳೆ ಆಡಿಟ್ ಇದೆ. ಕಿವಿಯ ಮಿಷನ್ನಿನ ರೇಟು ಇವರಿಗೆ ಇನ್ನೂ ಹೇಳಿಲ್ಲ.

ಮಲಗಲು ಹೋದರೆ ಒಂದೇ ಯೋಚನೆ. ಮೆಕಾರ್ಟ್ನಿ ಹ್ಯಾಂಬರ್ಗ್‌ನಲ್ಲಿ 1961ರಲ್ಲಿ ಕೊಂಡ ಹಾಫ್ನರ್ ಬೇಸ್ ಲಂಡನ್‌ನಲ್ಲಿ 1972ರಲ್ಲಿ ಕಳುವಾಯಿತು. ಐವತ್ತೊಂದು ವರ್ಷದ ಮೇಲೆ ಸಿಕ್ಕಿತು. ಜೇಮರ್ಸನ್‌ನ 1962ರ ಫೆಂಡರ್ ಕೂಡ ಕಳುವಾಯಿತು, 1983ರಲ್ಲಿ, ಅವನು ಸಾಯುವುದಕ್ಕೆ ಕೆಲವೇ ದಿನ ಮೊದಲು. ಅದು ಮಾತ್ರ ಹೋಗಿದ್ದೇ ಹೋಯಿತು. ಯಾರದೋ ಮನೆಯ ಅಟ್ಟದಲ್ಲಿ ಗೋಡೆಗೆ ಒರಗಿಸಿ ಇಟ್ಟಿರಬಹುದು, ಅದೇ ಹಳೇ ತಂತಿಗಳ ಸಮೇತ, ಆ ಮನೆಯ ಮಕ್ಕಳು ಯಾವಾಗಲಾದರೂ ಸುಮ್ನೆ ಬೆರಳು ಹಾಕಿ ಮೀಟುತ್ತಿರಬಹುದು.