ಡ್ರಿಪ್ ನಳಿಗೆಯ ಹೃದಯ: ಮೂರನೇ ವಾರ

ಹೃದಯದ ಸ್ನಾಯುವಿಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡಲು ನೀರಿನ ಬಾಟಲಿ, ಡ್ರಿಪ್ ನಳಿಗೆ ಸೇರಿಸಿ ಒಂದು ಮಾದರಿ ಮಾಡುತ್ತಿದ್ದೇನೆ. ಅದು ಸೋರುವುದು ಕಡೆಗೂ ನಿಂತಿತು. ಜೋಡಣೆಗೆ ಸೈಕಲ್ ಟ್ಯೂಬಿನ ತುಂಡು ಬಿಗಿದೆ. ಅಂಟಿಗಿಂತ ಅದೇ ವಾಸಿ.

ಈ ಹುಚ್ಚು ಹತ್ತಿಸಿದ್ದು ಅಕ್ಕ. ಅವಳು ಅರಿವಳಿಕೆ ಡಾಕ್ಟರ್. ಅವಳು ಹೇಳಿದ್ದು ಇಷ್ಟು: ಸುಮ್ನೆ ಕೂತಾಗ ಇಡೀ ದೇಹದ ಲೆಕ್ಕ ಹಿಡಿದರೆ ರಕ್ತದಲ್ಲಿರುವ ಆಮ್ಲಜನಕದ ಕಾಲು ಭಾಗವಷ್ಟೇ ಖರ್ಚಾಗುತ್ತದೆ. ಹೃದಯದ ಸ್ನಾಯು ಮಾತ್ರ ಆಗಲೂ ಶೇ. 70ರಷ್ಟು ಹೀರಿಬಿಡುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆಯಾದರೆ ಅದಕ್ಕೆ ಉಳಿಯುವ ದೊಡ್ಡ ದಾರಿ ಒಂದೇ. ರಕ್ತನಾಳ ಅಗಲಿಸಿ ಜಾಸ್ತಿ ರಕ್ತ ತರಿಸಿಕೊಳ್ಳಬೇಕು.

ನನ್ನ ಮಾದರಿಯಲ್ಲಿ ಬಾಟಲಿಯ ಎತ್ತರವೇ ಬಿಪಿ, ಹರಿವು ಹೆಚ್ಚುಕಡಿಮೆ ಮಾಡುವ ಡ್ರಿಪ್ ಸೆಟ್ಟಿನ ಗಾಲಿಯೇ ರಕ್ತನಾಳ. ಹೃದಯದ ಎಡಭಾಗ ಹಿಂಡಿಕೊಳ್ಳುವಾಗ ತನ್ನ ನಾಳಗಳನ್ನೇ ಅಮುಕುತ್ತದೆ. ಸಡಿಲಾದಾಗಲೇ ಅದಕ್ಕೆ ಹೆಚ್ಚಿನ ರಕ್ತ ಸಿಗುವುದು. ಅದಕ್ಕೇ ಮೇಲಿನ ಬಿಪಿ 120 ಬಿಟ್ಟು ಕೆಳಗಿನ 80 ಹಿಡಿದೆ. ಪಾದರಸದ 80 ಮಿ.ಮೀ. ಅಂದರೆ ನೀರಿನಲ್ಲಿ ಸುಮಾರು 109 ಸೆಂ.ಮೀ. ಕೊಳವೆಯಲ್ಲಿ ಒತ್ತಡ ಮಿತಿ ಮೀರದಿರಲಿ ಅಂತ ಆದಿಲ್‌ಶಾಹಿಗಳು ಕಟ್ಟಿಸಿದ ಗಂಜ್‌ಗಳು, ಅಂದರೆ ನೀರಿನ ಗೋಪುರಗಳು, ನಮ್ಮ ವಿಜಯಪುರದಲ್ಲಿ ಇನ್ನೂ ನಿಂತಿವೆ. ನನ್ನ ಗಂಜ್ ಅಂದರೆ ಕಿಟಕಿ ಸರಳಿಗೆ ಕಟ್ಟಿದ ಬಾಟಲಿ!

ಭಾನುವಾರ ಅಳೆದೆ. ಗಾಲಿ ಅರೆಮುಚ್ಚಿದಾಗ ನಿಮಿಷಕ್ಕೆ 38 ಮಿ.ಲೀ. ಆಮ್ಲಜನಕ ಕಡಿಮೆಯಾಯಿತು ಅಂದುಕೊಂಡು ಪೂರ್ತಿ ತೆರೆದೆ, 120 ಬಂತು. ಆಮೇಲೆ 'ಅರಿವಳಿಕೆ' ಕೊಟ್ಟೆ, ಅಂದರೆ ಬಾಟಲಿಯನ್ನು 68 ಸೆಂ.ಮೀ.ಗೆ ಇಳಿಸಿದೆ. ಬಿಪಿ 50 ಆದ ಹಾಗೆ. ಹರಿವು 76ಕ್ಕೆ ಬಿತ್ತು. ಗಾಲಿ ಆಗಲೇ ಪೂರ್ತಿ ತೆರೆದಿದೆ, ಇನ್ನೇನು ತೆರೆಯಲಿ? ಇದನ್ನು ಕಣ್ಣಾರೆ ನೋಡಬೇಕು ಅಂತಲೇ ಮೂರು ವಾರ ಒದ್ದಾಡಿದ್ದು.

ಅಕ್ಕ ಬಂದು ನೋಡಿ ನಕ್ಕಳು. "ನಿನ್ನ ಬಾಟ್ಲಿಗೆ ಹಸಿವು ಎಲ್ಲೈತಿ?" ಹ್ಯಾಲೊಥೇನ್‌ನಂಥ ಅರಿವಳಿಕೆ ಔಷಧ ಬಿಪಿ ಇಳಿಸುವುದರ ಜೊತೆಗೆ ಹೃದಯ ಹಿಂಡುವ ಬಲವನ್ನೂ ತಗ್ಗಿಸುತ್ತದಂತೆ. ಕೆಲಸ ಕಡಿಮೆಯಾದರೆ ಬೇಕಾಗುವ ಆಮ್ಲಜನಕವೂ ಕಡಿಮೆ, ಅಲ್ವಾ? ಪೂರೈಕೆ ಇಳಿದದ್ದು ಜಾಸ್ತಿಯೋ ಬೇಡಿಕೆ ಇಳಿದದ್ದು ಜಾಸ್ತಿಯೋ ಅನ್ನುವುದೇ ನಿಜವಾದ ಪ್ರಶ್ನೆ. ನನ್ನ ನಳಿಗೆ ಅರ್ಧ ಕತೆ ಮಾತ್ರ ಹೇಳುತ್ತಿದೆ. ಇನ್ನೊಂದು ಮಾತೂ ಹೇಳಿದಳು. ಎಚ್ಚರವಿದ್ದಾಗ ಆಮ್ಲಜನಕ ಇಳಿದರೆ ಉಸಿರೂ ನಾಡಿಯೂ ಜೋರಾಗುತ್ತವೆ, ಅರಿವಳಿಕೆಯಲ್ಲಿ ಆ ಸ್ಪಂದನೆ ಮಂಕಾಗುತ್ತದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ಗೆ ಅಷ್ಟು ಬೆಲೆ ಬಂದಿದ್ದು ಸುಮ್ನೆ ಅಲ್ಲ.

ಹಸಿವನ್ನು ನೀರಿನಲ್ಲಿ ಹೇಗೆ ತೋರಿಸುವುದೋ ಇನ್ನೂ ಹೊಳೆದಿಲ್ಲ. ಅಲ್ಲಿಯವರೆಗೆ ಎರಡು ಕವಲು ಮಾಡುತ್ತೇನೆ, ಒಂದನ್ನು ಕಟ್ಟಿಕೊಂಡ ನಾಳದಂತೆ ಕ್ಲಿಪ್ಪಿನಿಂದ ಹಿಸುಕುತ್ತೇನೆ. ಪಕ್ಕದ ಕವಲು ಅಗಲವಾದರೆ ಇದರ ಪಾಲು ಅದು ಕದಿಯುತ್ತದಾ? 1980ರ ದಶಕದಲ್ಲಿ ಐಸೊಫ್ಲುರೇನ್ ಅನ್ನುವ ಇನ್ನೊಂದು ಅರಿವಳಿಕೆ ಔಷಧದ ಬಗ್ಗೆ ಇದೇ ಭಯ ಎದ್ದಿತ್ತು. ಮೊದಲು ಒಂದು ವೈ ಜಾಯಿಂಟ್ ಸಿಗಬೇಕು.