ನಾನಾವತಿ ಕೇಸಿನಿಂದಲೇ ಜ್ಯೂರಿ ಹೋಯಿತಾ?

‘ದಿ ವರ್ಡಿಕ್ಟ್: ಸ್ಟೇಟ್ ವರ್ಸಸ್ ನಾನಾವತಿ’ ವೆಬ್ ಸರಣಿ ಬಂದಿದ್ದು 2019ರಲ್ಲಿ. ಅದನ್ನು ನೋಡಿ ಮುಗಿಸಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ: “ಈ ಕೇಸಿಂದಾನೇ ಅಲ್ವಾ ನಮ್ಮಲ್ಲಿ ಜ್ಯೂರಿ ತೆಗೆದುಹಾಕಿದ್ದು?”

ಅಲ್ಲ. ಕಥೆ ಅಷ್ಟು ಸಲೀಸಾಗಿಲ್ಲ. (ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೂತು ಕೇಸು ಕೇಳಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ತಂಡ.)

1959ರ ಏಪ್ರಿಲ್ 27, ಬಾಂಬೆ. ತನಗೆ ಪ್ರೇಮ್ ಅಹುಜಾ ಜೊತೆ ಸಂಬಂಧ ಇದೆ ಎಂದು ಸಿಲ್ವಿಯಾ ಗಂಡನ ಹತ್ತಿರ ಒಪ್ಪಿಕೊಂಡಳು. ಗಂಡ ಕಾವಸ್ ನಾನಾವತಿ ನೌಕಾಪಡೆಯ ಕಮಾಂಡರ್. ಹೆಂಡತಿ ಮಕ್ಕಳನ್ನು ಮೆಟ್ರೋ ಟಾಕೀಸಿಗೆ ಬಿಟ್ಟು, ತನ್ನ ಹಡಗಿಗೆ ಹೋದ. ಏನೋ ಸುಳ್ಳು ಹೇಳಿ ರಿವಾಲ್ವರ್, ಆರು ಗುಂಡು ಇಸಿದುಕೊಂಡ. (ಹಡಗಿನ ಹೆಸರು ಐಎನ್ಎಸ್ ಮೈಸೂರು! ಓದಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ.) ಅಲ್ಲಿಂದ ಅಹುಜಾ ಫ್ಲಾಟಿಗೆ. ಮೂರು ಗುಂಡು ಹಾರಿದವು. ನಾನಾವತಿ ತಾನೇ ಹೋಗಿ ಶರಣಾದ.

ಡಿಫೆನ್ಸ್ ಲಾಯರ್ ಕಾರ್ಲ್ ಖಂಡಾಲಾವಾಲಾ ವಾದ ಇಷ್ಟೇ: ಇದು ಕೊಲೆಯಲ್ಲ, ಇಬ್ಬರೂ ರಿವಾಲ್ವರ್‌ಗೆ ಕಿತ್ತಾಡುವಾಗ ಗುಂಡು ಹಾರಿತು. ಆದರೆ ಅಹುಜಾ ಆಗಷ್ಟೇ ಸ್ನಾನ ಮುಗಿಸಿದ್ದ, ಸೊಂಟಕ್ಕೆ ಬರೀ ಟವೆಲ್. ಹೆಣದ ಮೇಲೂ ಆ ಟವೆಲ್ ಹಾಗೇ ಇತ್ತು, ಸಡಿಲ ಕೂಡ ಆಗಿರಲಿಲ್ಲ. ಬಚ್ಚಲಲ್ಲಿದ್ದಾಗ ಕಾಲಿಂಗ್ ಬೆಲ್ ಆಗಿ ಓಡಿಬಂದವರಿಗೆ ಗೊತ್ತು, ಟವೆಲ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ. ನನಗಂತೂ ಇಡೀ ಕೇಸಿನಲ್ಲಿ ಸುಳ್ಳು ಹೇಳದ ಸಾಕ್ಷಿ ಆ ಟವೆಲ್ಲೇ.

ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ‘ತಪ್ಪಿತಸ್ಥನಲ್ಲ’ ಎಂದರು. ಬಹಳ ಜನಕ್ಕೆ ನೆನಪಿರುವುದು ಇಷ್ಟೇ. ಆದರೆ ಆಗಿನ ಕಾನೂನಿನಲ್ಲಿ ಜ್ಯೂರಿ ಮಾತೇ ಕೊನೆಯದಾಗಿರಲಿಲ್ಲ. ಒಪ್ಪಿಗೆಯಾಗದಿದ್ದರೆ ಜಡ್ಜ್ ಕೇಸನ್ನು ಹೈಕೋರ್ಟಿಗೆ ಕಳಿಸಬಹುದಿತ್ತು. ಇಲ್ಲಿ ಜಡ್ಜ್ ಹಾಗೇ ಮಾಡಿದರು. ತಮಾಷೆ ಏನೆಂದರೆ, ಜ್ಯೂರಿಗೆ ಆ ಜಡ್ಜ್ ಕೊಟ್ಟ ವಿವರಣೆಯಲ್ಲೇ ತಪ್ಪುಗಳಿವೆ ಎಂದಿತು ಹೈಕೋರ್ಟ್! 1960ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. “ಸಿಟ್ಟಿನ ಭರದಲ್ಲಿ ಮಾಡಿದ್ದು” ಎಂಬ ಮಾತೂ ನಡೆಯಲಿಲ್ಲ. ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟವನು ಗುಂಡು ಹೊಡೆದಿದ್ದು 4.20ಕ್ಕೆ. ನಡುವೆ ಟಾಕೀಸು, ಹಡಗು, ಅಹುಜಾ ಆಫೀಸು ಎಲ್ಲ ಸುತ್ತಿದ್ದ.

ಇನ್ನು ಜ್ಯೂರಿ ವಿಷಯ. ಅದನ್ನು ತೆಗೆಯಿರಿ ಎಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿದ್ದು 1958ರಲ್ಲಿ, ಅಂದರೆ ಅಹುಜಾ ಇನ್ನೂ ಬದುಕಿದ್ದಾಗ. ಅದು ದೇಶದ ಎಲ್ಲ ಕಡೆ, ಎಲ್ಲ ಕೇಸಿಗೂ ಇದ್ದ ಪದ್ಧತಿಯೂ ಅಲ್ಲ. ನಾನಾವತಿ ತೀರ್ಪಿನ ಮರುದಿನವೇ ಮಾಯವೂ ಆಗಲಿಲ್ಲ. 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಎಂದು ಹೇಳುವ ಕಾನೂನು) ಅದಕ್ಕೆ ಜಾಗವೇ ಇರಲಿಲ್ಲ, ಅಷ್ಟೇ. ಆಗಲೇ ವಾಲಿದ್ದ ಗೋಡೆಗೆ ಈ ಕೇಸು ಒಂದು ಒದೆ ಕೊಟ್ಟಿತು ಅಂದರೆ ಒಪ್ಪುತ್ತೇನೆ.

“ಹಾಗಾದ್ರೆ ಜೈಲಲ್ಲೇ ಇದ್ನಾ?” ಅದು ಎರಡನೇ ಪ್ರಶ್ನೆ. ಇಲ್ಲ. 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಆಮೇಲೆ ನಾನಾವತಿ ಸಿಲ್ವಿಯಾ ಮತ್ತು ಮಕ್ಕಳ ಜೊತೆ ಕೆನಡಾಕ್ಕೆ ಹೋದ. ಹೌದು, ಸಿಲ್ವಿಯಾ ಜೊತೆಗೇ.